ಆರನೆಯ ಬೆಟ್ಟ

ಆ ಊರಿನಲ್ಲಿ ಕಷ್ಟದ ಸುದ್ದಿಯನ್ನು ಬರಿಯ ಮಾತಿನಲ್ಲಿ ಹೇಳಿದರೆ ಮಕ್ಕಳಿಗೆ ಕೇಳಿಸುತ್ತಿರಲಿಲ್ಲ. ಪದ ಕಟ್ಟಿ ಹೇಳಿದರೆ ಮಾತ್ರ ಕೇಳಿಸುತ್ತಿತ್ತು. ಸಾವಿರಲಿ, ಬೆಂಕಿಯಿರಲಿ, ಹೇಳದೆ ಕೇಳದೆ ಮನೆ ಬಿಟ್ಟು ಹೋದ ಅಣ್ಣನ ಸುದ್ದಿಯಿರಲಿ, ನಾಲ್ಕು ಸಾಲಿನ ಪದವಾಗದೆ ಅದು ಮಗುವಿನ ಕಿವಿಯೊಳಕ್ಕೆ ಇಳಿಯುತ್ತಿರಲಿಲ್ಲ. ದೊಡ್ಡವರ ತುಟಿ ಅಲ್ಲಾಡುವುದು ಕಾಣುತ್ತಿತ್ತು, ಅಷ್ಟೇ. ಇದು ಯಾರು ಮಾಡಿದ ಕಟ್ಟಳೆ ಎಂದು ಕೇಳಿದರೆ ಊರವರು ಗುಡಿಯ ಕಡೆಗೆ ಕೈ ತೋರಿಸುತ್ತಿದ್ದರು. ಗುಡಿಯೊಳಗಿನ ದೇವರನ್ನು ಯಾರೂ ಕೇಳಿದ್ದಿಲ್ಲ. ಕೇಳದೆ ನಡೆಸಿಕೊಂಡು ಬಂದದ್ದೂ ಒಂದು ಭಕ್ತಿಯೇ.

ಪದ ಕಟ್ಟುವುದಕ್ಕೆ ಅಲ್ಲಿ ಒಬ್ಬ ಮುದುಕಿಯಿದ್ದಳು. ಅವಳನ್ನು ಪದದಜ್ಜಿ ಎನ್ನುತ್ತಿದ್ದರು. ಒಂದು ಮನೆಗೆ ಕಷ್ಟ ಬಂದಿತೆಂದರೆ ಆ ಮನೆಯ ಮಕ್ಕಳನ್ನು ಮೊದಲು ಅವಳ ಜಗಲಿಗೆ ಕಳಿಸುತ್ತಿದ್ದರು. ಇತ್ತ ಹೊರುವವರು ಹೊತ್ತು, ಅಳುವವರು ಅತ್ತು, ಮನೆ ತೊಳೆದು ದೀಪ ಹಚ್ಚುವವರೆಗೆ ಮಕ್ಕಳು ಅತ್ತ ಆಡಿಕೊಂಡಿರುತ್ತಿದ್ದರು. ಆಮೇಲೆ ಅಜ್ಜಿ ಮೊರದಲ್ಲಿ ರಾಗಿ ಹರಡಿಕೊಂಡು ಮಗುವಿನ ಎದುರಿಗೆ ಕೂರುವಳು. ಮಗು ಬೆರಳಿನಿಂದ ರಾಗಿಯಲ್ಲಿ ಗೀರು ಎಳೆಯುತ್ತಿರುವುದು. ಅಜ್ಜಿ ಪದ ಹೇಳುವಳು. ಪದ ಮುಗಿದ ಮೇಲೆ ಮಗುವಿನ ಕಿವಿ ತೆರೆಯುತ್ತಿತ್ತು. ಆಗ ಅದು ಮೂರು ಪ್ರಶ್ನೆ ಕೇಳಬಹುದು. ಮೂರಕ್ಕೂ ಉತ್ತರ ಸಿಕ್ಕಿದ ಮೇಲೆ ಒಂದು ಹಿಡಿ ರಾಗಿಯನ್ನು ಅಂಗಳದ ಹಕ್ಕಿಗಳಿಗೆ ಎರಚಿ ಮನೆಗೆ ಹೋಗಬೇಕು.

ಅಜ್ಜಿಯ ಪದಗಳಲ್ಲಿ ಬೆಲ್ಲ ಇರುತ್ತಿರಲಿಲ್ಲ. ಕರು ಸತ್ತ ಮನೆಯ ಮಗುವಿಗೆ ಅವಳು ಹೀಗೆ ಹೇಳಿದ್ದಳು:

ಕೆಂಪು ಕರುವಿಗೆ ಕಾಲು ನಾಲ್ಕು
ನಾಲ್ಕು ಕಾಲೂ ಸೆಟೆದವು
ಕೊರಳ ಗಂಟೆಯ ಬಿಚ್ಚಿ ಇಡಿರಿ
ನೊಣಗಳೆಲ್ಲಾ ಬಂದವು

ಆ ಮಗು ಕೇಳಿದ ಮೊದಲನೆಯ ಪ್ರಶ್ನೆ, "ನೊಣಕ್ಕೆ ಯಾರು ಹೇಳಿದರು?" ಎರಡನೆಯದು, "ಗಂಟೆ ನನಗೆ ಕೊಡ್ತೀರಾ?" ಮೂರನೆಯದನ್ನು ಅದು ಅಳುತ್ತಾ ಅಜ್ಜಿಯ ಕಿವಿಯಲ್ಲಿ ಕೇಳಿತು; ಅಜ್ಜಿಯೂ ಬಗ್ಗಿ ಅದರ ಕಿವಿಯಲ್ಲೇ ಉತ್ತರ ಹೇಳಿದಳು. ಆ ರಾತ್ರಿ ಮಗು ಮೊಣಕಾಲು ನೋವೆಂದು ಹೊರಳಾಡಿತು. ಬೆಳಗ್ಗೆ ಎದ್ದಾಗ ಹೊಸ್ತಿಲ ಮೇಲೆ ನಿಂತು ಕೈ ಎತ್ತಿದರೆ ಬೆರಳು ಬಾಗಿಲ ತೋರಣಕ್ಕೆ ತಾಕುತ್ತಿತ್ತು. ಆ ಊರಿನಲ್ಲಿ ಮಕ್ಕಳು ಬೆಳೆಯುತ್ತಿದ್ದದ್ದು ಹಾಗೆ. ಉಂಡದ್ದರಿಂದ ಮೈ ತುಂಬುತ್ತಿತ್ತು, ಪದದಿಂದ ಎತ್ತರ ಬರುತ್ತಿತ್ತು. ವರ್ಷಕ್ಕೊಮ್ಮೆ ಹೊಸ ರಾಗಿ ಮನೆಗೆ ಬಂದ ಮಾರನೆಯ ದಿನ ಶಾಲೆಯ ಐಗಳು ಮಕ್ಕಳನ್ನು ಗುಡಿಯ ಕಂಬಕ್ಕೆ ಒರಗಿಸಿ ನಿಲ್ಲಿಸಿ ನೆತ್ತಿಯ ನೇರಕ್ಕೆ ಅರಿಸಿನದ ಗೆರೆ ಎಳೆಯುತ್ತಿದ್ದರು. ಕಂಬದ ತುಂಬ ಗೆರೆಗಳು. ದೇವರ ಎದುರಿಗೇ ಅಷ್ಟೊಂದು ಕಷ್ಟಗಳು ಸಾಲಾಗಿ ನಿಂತಿದ್ದವು.

ಆ ಊರಿನಲ್ಲಿ ಹಗ್ಗ ಹೊಸೆಯುವವನೊಬ್ಬನಿದ್ದ.

ಹಗ್ಗ ಹೊಸೆಯುವುದು ಒಬ್ಬರಿಂದ ಆಗುವ ಕೆಲಸವಲ್ಲ. ಒಬ್ಬರು ನಿಂತು ರಾಟೆ ತಿರುಗಿಸಬೇಕು. ಇನ್ನೊಬ್ಬರು ಕತ್ತಾಳೆಯ ನಾರನ್ನು ಸೊಂಟಕ್ಕೆ ಸುತ್ತಿಕೊಂಡು, ಬೆರಳ ಸಂದಿಯಿಂದ ಎಳೆ ಬಿಡುತ್ತಾ, ಹಿಂದೆ ಹಿಂದೆ ನಡೆಯಬೇಕು. ಹುರಿ ಉದ್ದವಾದಷ್ಟೂ ಇಬ್ಬರೂ ದೂರವಾಗುತ್ತಾರೆ. ಆದರೂ ಒಬ್ಬರ ಕೈ ನಡುಗಿದರೆ ಇನ್ನೊಬ್ಬರ ಕೈಗೆ ತಿಳಿಯುತ್ತದೆ. ಹಗ್ಗದವನು ಹಿಂದೆ ಹಿಂದೆ ನಡೆಯುತ್ತಿದ್ದ, ಅವನ ಹೆಂಡತಿ ರಾಟೆ ತಿರುಗಿಸುತ್ತಿದ್ದಳು. ಅವರಿಗೆ ಏಳು ವರ್ಷದ ಮಗಳಿದ್ದಳು.

ಹೆಂಡತಿಗೆ ಜ್ವರ ಬಂತು. ಮೂರು ದಿನ ಇತ್ತು. ಮೂರನೆಯ ದಿನ ಮಧ್ಯಾಹ್ನ ಅವಳು ಹೋದಳು.

ಮಗಳು ಆಗಲೇ ಪದದಜ್ಜಿಯ ಜಗಲಿಯಲ್ಲಿದ್ದಳು. ಹಗ್ಗದವನು ಹೆಂಡತಿಯನ್ನು ಹೊಳೆಯಾಚೆ ಮಣ್ಣು ಮಾಡಿ, ಒದ್ದೆ ಬಟ್ಟೆಯಲ್ಲೇ ಅಜ್ಜಿಯ ಹಿತ್ತಿಲಿಗೆ ಬಂದು ನಿಂತ.

"ಅಜ್ಜೀ, ಸತ್ತಳು ಅನ್ನೋ ಮಾತು ಪದದಲ್ಲಿ ಬರೋದು ಬೇಡ."

"ಬರದೇ ಇದ್ದರೆ ಅದು ಪದವೇ ಅಲ್ಲ ಕಣೋ."

"ಏಳು ವರ್ಷದ ಕೂಸು."

"ಐದು ವರ್ಷದ ಕೂಸಿಗೆ ಹೇಳಿದ್ದೀನಿ. ನೀನು ಆರು ವರ್ಷದವನಿದ್ದಾಗ ನಿನಗೇ ಹೇಳಿದ್ದೀನಿ, ನಿಮ್ಮ ತಾತನ ಸಾವು. ಮೂರು ಪ್ರಶ್ನೆ ಕೇಳೋ ಅಂದರೆ ಹದಿನಾಲ್ಕು ಕೇಳಿದ್ದೆ. ಆಗಿನಿಂದಲೂ ಲೆಕ್ಕ ಬರೋದಿಲ್ಲ ನಿನಗೆ."

"ನನ್ನ ಮಗಳಿಗೆ ಬೇಡಜ್ಜಿ. ನಿನ್ನ ಕಾಲು ಹಿಡೀತೀನಿ."

"ಕಾಲು ಬಿಡೋ. ಮೊದಲೇ ವಾತ."

ಅವನು ಬಿಡಲಿಲ್ಲ. ಸತ್ತವಳು ಹುಟ್ಟಿದಾಗ ಹೊಕ್ಕುಳು ಕೊಯ್ದವಳು ಇದೇ ಅಜ್ಜಿ. ಆ ಹೆಣ್ಣನ್ನು ತೊಟ್ಟಿಲಲ್ಲಿ ತೂಗಿದ ಕೈ ಅವಳದು. ಅಷ್ಟು ವರ್ಷ ಊರಿಗೆಲ್ಲ ನಿಜ ಹೇಳಿದ ಬಾಯಿಗೆ ಆ ಹೊತ್ತು ನಿಜ ಬರಲಿಲ್ಲ. ಒಳಗೆ ಹೋಗಿ ಮೊರದಲ್ಲಿ ರಾಗಿ ಹರಡಿಕೊಂಡು ಮಗುವಿನ ಎದುರು ಕೂತಳು.

ಅವ್ವ ಹೋದಳು ಹೂವಿಗೆ
ಆರು ಬೆಟ್ಟದ ತೋಪಿಗೆ
ಬುಟ್ಟಿ ತುಂಬಿದ ಮೇಲೆ ಬರುವಳು
ಬುಟ್ಟಿ ತುಂಬದು ಇಂದಿಗೆ

ಮಗಳ ಬೆರಳು ರಾಗಿಯಲ್ಲಿ ನಿಂತಿತು.

"ಯಾವ ಹೂವು?"

"ಬಿಳೀ ಹೂವು ಕಣವ್ವ."

"ಬುತ್ತಿ ಕಟ್ಟಿಕೊಂಡು ಹೋದಳಾ?"

"ಹೂಂ."

"ಅಜ್ಜಿ, ನಮ್ಮೂರಿಗೆ ಇರೋದು ಐದೇ ಬೆಟ್ಟ. ಆರನೇದು ಎಲ್ಲಿದೆ?"

ಅಜ್ಜಿ ಬಾಗಿಲಿನ ಕಡೆ ನೋಡಿದಳು. ಬಾಗಿಲಲ್ಲಿ ಹಗ್ಗದವನು ನಿಂತಿದ್ದ. "ಐದನೇದರ ಹಿಂದೆ," ಎಂದಳು.

ಮಗಳು ನಕ್ಕು, ಒಂದು ಹಿಡಿ ರಾಗಿ ಎರಚಿ, ಅಪ್ಪನ ಕೈ ಹಿಡಿದು ಮನೆಗೆ ಹೋದಳು. ಆ ರಾತ್ರಿ ಅವಳ ಮೊಣಕಾಲು ನೋಯಲಿಲ್ಲ. ಸುಖವಾಗಿ ನಿದ್ದೆ ಮಾಡಿದಳು. ಅದನ್ನು ನೋಡುತ್ತಾ ಹಗ್ಗದವನಿಗೂ ನಿದ್ದೆ ಬಂತು.

ಪದ ಚೆನ್ನಾಗಿತ್ತು. ಅಜ್ಜಿಯ ಹಿಂದಿನ ಪದಗಳಿಗೆ ಇಲ್ಲದ ಒಂದು ತೂಗಾಟ ಅದಕ್ಕಿತ್ತು. ಕುಂಟೆಬಿಲ್ಲೆ ಆಡುವ ಹುಡುಗಿಯರು ಅದನ್ನು ಹಾಡಿದರು. ನೀರು ಸೇದುವ ಹೆಂಗಸರು ಹಾಡಿದರು. ತೊಟ್ಟಿಲು ತೂಗುವವರು ಹಾಡಿದರು. ತಿಂಗಳೊಳಗೆ ಆ ಪದ ಹೋಗದ ಮನೆಯಿರಲಿಲ್ಲ. ಆಮೇಲೆ ಆ ಊರಿನವರು ಮಾತ್ರ ಮಾಡಬಹುದಾದ ಒಂದು ತಪ್ಪು ಮಾಡಿದರು.

ಕುಂಬಾರರ ಮನೆಯಲ್ಲಿ ಅಜ್ಜ ಸತ್ತ. ಕುಂಬಾರಗಿತ್ತಿ ಮಕ್ಕಳನ್ನು ಪದದಜ್ಜಿಯ ಹತ್ತಿರ ಕಳಿಸಲಿಲ್ಲ. ಮಣ್ಣು ಕಲೆಸಿದ ಕೈಯಲ್ಲೇ ಅವರನ್ನು ಕೂರಿಸಿಕೊಂಡು, "ಅಜ್ಜ ಹೋದನು ಹೂವಿಗೆ, ಆರು ಬೆಟ್ಟದ ತೋಪಿಗೆ," ಎಂದು ಹಾಡಿದಳು. ಮಕ್ಕಳು ಕೈ ತಟ್ಟಿ ಕುಣಿದವು. ಮುಂದಿನ ವಾರ ಇನ್ನೊಂದು ಮನೆಯ ಹಸು ಹೂವಿಗೆ ಹೋಯಿತು. ಒಬ್ಬರ ಮನೆಯ ಚಿಕ್ಕಪ್ಪ ಜಗಳವಾಡಿ ಊರು ಬಿಟ್ಟ. ಅವನೂ ಹೂವಿಗೇ ಹೋದ. ಹುಟ್ಟಿ ಹತ್ತು ದಿನಕ್ಕೆ ತೀರಿಕೊಂಡ ತಂಗಿ ಹೋದಳು. ಹೊಳೆ ಕೊಚ್ಚಿಕೊಂಡು ಹೋದ ಹೊಲ ಕೂಡ ಹೂವಿಗೆ ಹೋಯಿತು. ಹೊಲ ಹೇಗೆ ನಡೆದು ಹೋಯಿತು ಎಂದು ಒಂದು ಮಗುವೂ ಕೇಳಲಿಲ್ಲ. ಸಿಹಿಯಾದ ಪದಕ್ಕೆ ಯಾರೂ ಪ್ರಶ್ನೆ ಕೇಳುವುದಿಲ್ಲ.

ಪದದಜ್ಜಿಯ ಜಗಲಿಗೆ ಯಾರೂ ಬರಲಿಲ್ಲ. ಮೊರ ಗೋಡೆಯಲ್ಲಿ ನೇತಾಡುತ್ತಿತ್ತು. ಅಂಗಳದ ಹಕ್ಕಿಗಳು ಬಂದು ನೋಡಿ ಹೋಗುತ್ತಿದ್ದವು.

ಹೊಸ ರಾಗಿ ಬಂತು. ಐಗಳು ಮಕ್ಕಳನ್ನು ಕಂಬಕ್ಕೆ ನಿಲ್ಲಿಸಿದರು. ಹೋದ ವರ್ಷದ ಗೆರೆಯ ಮೇಲೇ ಈ ವರ್ಷದ ಗೆರೆ ಬಿತ್ತು. ಒಂದು ಮಗುವಿಗಲ್ಲ, ಎಲ್ಲ ಮಕ್ಕಳಿಗೂ. "ನನ್ನ ಕಣ್ಣಿಗೆ ಪೊರೆ ಬಂದಿರಬೇಕು," ಎಂದು ಐಗಳು ಕಣ್ಣು ತೊಳೆದುಕೊಂಡು ಬಂದರು. ಆಗಲೂ ಅಲ್ಲೇ ಬಿತ್ತು.

ತಾಯಂದಿರಿಗೆ ಮೊದಲು ಸಂತೋಷವೇ ಆಯಿತು. "ಹೋದ ವರ್ಷದ ಲಂಗ ಈ ವರ್ಷಕ್ಕೂ ಸರಿಹೋಯ್ತು ಕಣ್ರೇ," ಎಂದಳು ಕುಂಬಾರಗಿತ್ತಿ. "ದೇವರು ನಮಗೆ ವರ ಕೊಟ್ಟ, ದರ್ಜಿಗೆ ಶಾಪ ಕೊಟ್ಟ."

ಇನ್ನೊಂದು ವರ್ಷ ಹೋಯಿತು. ಗೆರೆ ಅಲ್ಲೇ ಬಿತ್ತು. ಹಾಲುಹಲ್ಲು ಬೀಳಲಿಲ್ಲ. ಐಗಳು ಹಗ್ಗದವನ ಮನೆಗೆ ಬಂದು ಕಟ್ಟೆಯ ಮೇಲೆ ಕೂತರು.

"ಏನಯ್ಯಾ, ಮೊದಲನೇ ಪುಸ್ತಕದವರು ಎರಡು ವರ್ಷದಿಂದ ಮೊದಲನೇ ಪುಸ್ತಕದಲ್ಲೇ ಇದ್ದಾರೆ. ದಡ್ಡರಲ್ಲ, ಓದ್ತಾರೆ. ಆದರೆ ಪಾಠದಲ್ಲಿ ಯಾರಾದರೂ ಅತ್ತರೆ ಸಾಕು, ಆ ಸಾಲು ಅವರಿಗೆ ಕಾಣೋದೇ ಇಲ್ಲ. ಬೆರಳು ಅದನ್ನ ದಾಟಿ ಮುಂದಿನ ಸಾಲಿಗೆ ಹೋಗುತ್ತೆ. ಎಲ್ಲರೂ ಕಿಟಕಿಯಿಂದ ಬೆಟ್ಟ ನೋಡ್ತಾರೆ."

"ಮಕ್ಕಳಲ್ಲವೇ ಸ್ವಾಮಿ. ಮಕ್ಕಳಾಗೇ ಇರಲಿ ಬಿಡಿ."

"ಎಲ್ಲಿಯವರೆಗೆ? ನೀನು ಹೋದ ದಿನ ಅವಳಿಗೆ ಏಳೇ ವರ್ಷ ಇದ್ದರೆ ನಿನ್ನ ನಾರು ಯಾರು ಹಿಡೀತಾರೆ?"

ಹಗ್ಗದವನು ರಾಟೆಯ ಕಡೆ ನೋಡಿದ. ಈಗ ರಾಟೆ ತಿರುಗಿಸುತ್ತಿದ್ದವಳು ಮಗಳು. ಕೈ ಎಟುಕದೆ ಹಲಗೆಯ ಮೇಲೆ ನಿಂತು ತಿರುಗಿಸುತ್ತಿದ್ದಳು. ಎರಡು ವರ್ಷ ಕಳೆದರೂ ಆ ಹಲಗೆ ತೆಗೆಯುವ ಹಾಗಿರಲಿಲ್ಲ.

ಒಂದು ದಿನ ಬೆಳಗ್ಗೆ ರೊಟ್ಟಿ ತಿನ್ನುತ್ತಾ ಮಗಳು ಹೇಳಿದಳು, "ಅಪ್ಪ, ನಾಳೆ ನಾವು ಆರನೇ ಬೆಟ್ಟಕ್ಕೆ ಹೋಗ್ತೀವಿ."

"ಯಾರ್ಯಾರು?"

"ಎಲ್ಲರೂ. ಎಲ್ಲರ ಮನೆಯಿಂದಲೂ ಯಾರಾದರೂ ಹೂವಿಗೆ ಹೋಗಿದ್ದಾರಲ್ಲ. ನಾನೇ ಎಲ್ಲರಿಗೂ ಹೇಳಿದೆ. ಅವ್ವನ ಬುಟ್ಟಿ ತುಂಬಾ ದೊಡ್ಡದಿರಬೇಕು ಅಪ್ಪ, ಅದಕ್ಕೇ ತುಂಬಿಲ್ಲ. ಪಾಪ, ಒಬ್ಬಳೇ ಎಷ್ಟೂಂತ ಕೀಳ್ತಾಳೆ? ನಾವು ಮೂವತ್ತು ಜನ ಇದ್ದೀವಿ. ಅರವತ್ತು ಕೈ. ಬೇಗ ತುಂಬಿಸಿ ಕರಕೊಂಡು ಬಂದುಬಿಡ್ತೀವಿ."

ಐದನೆಯ ಬೆಟ್ಟದ ಹಿಂದೆ ನೆಲವಿರಲಿಲ್ಲ. ದೊಡ್ಡವರಿಗೆಲ್ಲ ಅದು ಗೊತ್ತಿತ್ತು. ಅಲ್ಲಿ ಬೆಟ್ಟ ಒಮ್ಮೆಗೇ ಮುಗಿದುಹೋಗುತ್ತಿತ್ತು. ಆಚೆ ಬರಿಯ ಮಂಜು, ಕೆಳಗೆ ತಳ ಕಾಣದ ಪ್ರಪಾತ. ದೂರದಿಂದ ನೋಡಿದರೆ ಆ ಮಂಜು ಹೂಬಿಟ್ಟ ತೋಪಿನ ಹಾಗೆಯೇ ಬಿಳಿಯಾಗಿತ್ತು.

"ಹೋಗಬೇಡ ಮಗಳೇ," ಎಂದ ಹಗ್ಗದವನು. "ಅಲ್ಲಿ ಪ್ರಪಾತ ಇದೆ. ಬಿದ್ದು ಸಾಯ್ತೀರಿ. ನಿಮ್ಮವ್ವ ಅಲ್ಲಿಲ್ಲ."

ಮಗಳು ಅವನ ತುಟಿಯನ್ನೇ ನೋಡುತ್ತಿದ್ದಳು. "ಏನಂದೆ ಅಪ್ಪ?"

ಅವನು ಮತ್ತೆ ಹೇಳಿದ. ಕೂಗಿ ಹೇಳಿದ. ಅವಳ ಭುಜ ಹಿಡಿದು ಹೇಳಿದ.

"ಬಾಯಲ್ಲಿ ರೊಟ್ಟಿ ಇಟ್ಟುಕೊಂಡು ಮಾತಾಡಬೇಡ ಅಂತ ನನಗೆ ಹೇಳ್ತೀಯ," ಎಂದು ಮಗಳು ನಕ್ಕು ತನ್ನ ಬುಟ್ಟಿ ಹುಡುಕುವುದಕ್ಕೆ ಹೋದಳು.

ಅವನು ಓಡಿದ. ಪದದಜ್ಜಿ ಜಗಲಿಯ ಬಿಸಿಲಿನಲ್ಲಿ ಕಾಲು ಚಾಚಿ ಕೂತಿದ್ದಳು.

"ಅಜ್ಜೀ, ನಿನ್ನ ಪದ ಹಿಂದಕ್ಕೆ ತಗೋ. ಹೊಸದು ಹೇಳು. ನಾಳೆ ಬೆಳಗ್ಗೆಯೊಳಗೆ ಹೇಳು."

"ಎರಡು ವರ್ಷಕ್ಕೆ ದಾರಿ ನೆನಪಾಯ್ತಾ?" ಎಂದಳು ಅಜ್ಜಿ. ಆಮೇಲೆ ಅವನ ಮುಖ ನೋಡಿ ಕಾಲು ಮಡಚಿಕೊಂಡಳು. "ಕೇಳು ಮಗಾ. ಮೂವತ್ತು ಸಲ ಕಟ್ಟಿ ನೋಡಿದ್ದೀನಿ. ಬಾಯಿ ತೆರೆದರೆ ಅದೇ ಪದ ಬರುತ್ತೆ, ಹೂವಿಗೆ ಹೂವಿಗೆ ಅಂತ. ಒಂದು ಸಲ ಸುಳ್ಳು ಹೇಳಿದ ನಾಲಗೆ ಅದೇ ಗೀರಿನಲ್ಲಿ ಹೋಗುತ್ತೆ. ದೇವರು ನನ್ನಿಂದ ಪದ ಕಿತ್ತುಕೊಂಡ. ಸರಿಯಾಗೇ ಮಾಡಿದ."

"ಹಾಗಾದರೆ ಯಾರು ಹೇಳೋದು?"

"ಬೇಡಿದವನು ಯಾರು?"

"ನನಗೆ ಪದ ಬರೋದಿಲ್ಲಜ್ಜಿ. ಹುಟ್ಟಿದಾಗಿನಿಂದ ಹಗ್ಗ ಬಿಟ್ಟರೆ ಬೇರೆ ಏನನ್ನೂ ಕಟ್ಟಿದವನಲ್ಲ."

"ಬರದೇ ಇದ್ದರೆ ಬರದವನ ಹಾಗೇ ಹೇಳು. ಕೇಳೋರು ಆಸ್ಥಾನ ಪಂಡಿತರೇನೋ? ಮೂಗು ಸುರಿಸೋ ಮಕ್ಕಳು."

"ಸತ್ತಳು ಅನ್ನೋ ಮಾತು ನನ್ನ ಬಾಯಿಂದ ಬರೋದಿಲ್ಲ."

"ಅದೇ ಮಾತು ಮೊದಲು ಇಡು. ಮಿಕ್ಕಿದ್ದು ತಾನಾಗೇ ಬರುತ್ತೆ."

ಅವನು ಆ ದಿನವೆಲ್ಲ ತಾನು ಹಗ್ಗ ಹೊಸೆಯುವ ಖಾಲಿ ಹಾದಿಯಲ್ಲಿ ಹಿಂದೆ ಹಿಂದೆ ನಡೆದ. ಬಾಯಿ ತೆರೆದ, ಮುಚ್ಚಿದ. ಗುಡಿಯ ಮುಂದೆ ಹೋಗಿ ಅಡ್ಡಬಿದ್ದ. ದೇವರು ಕೇಳಿದ್ದೆಲ್ಲ ಕೊಡುವವನೇ. ಆದರೆ ಇನ್ನೊಬ್ಬರ ಬಾಯಿಯ ಮಾತನ್ನು ತಾನು ಆಡುವುದಿಲ್ಲ.

ಮರುದಿನ ಬೆಳಗ್ಗೆ ಮಕ್ಕಳು ಹೊರಟರು. ಒಂದೆರಡು ಮನೆಯವರು ಬಾಗಿಲಿಗೆ ಅಗಳಿ ಹಾಕಿದ್ದರು. ಒಳಗಿನಿಂದ ಮಕ್ಕಳು ಹಾಡಿದವು. ಹಾಡು ಕೇಳಿ ತಾಯಂದಿರ ಕೈ ತಾನಾಗಿ ಹೋಗಿ ಅಗಳಿ ತೆಗೆಯಿತು. ಮೂವತ್ತು ಮಕ್ಕಳು, ಮೂವತ್ತು ಬುಟ್ಟಿಗಳು. ಹಾಡುತ್ತಾ ಬೀದಿಯಲ್ಲಿ ಬಂದರು. ದೊಡ್ಡವರು ಹಿಂದೆ ಹಿಂದೆಯೇ ಬಂದರು; ಕೂಗಿದರು, ಬೇಡಿಕೊಂಡರು; ಹಿಡಿಯಹೋದ ಕೈ ಹಾಡು ಕೇಳಿ ತಾನಾಗಿ ಬಿಟ್ಟಿತು. ಮಕ್ಕಳು ತಿರುಗಿ ನೋಡಿ, ಇವರೆಲ್ಲ ಯಾಕೆ ಸುಮ್ಮನೆ ಬಾಯಿ ಆಡಿಸುತ್ತಿದ್ದಾರೆ ಎಂದು ನಗುತ್ತಿದ್ದರು.

ಬೆಟ್ಟದ ದಾರಿ ಹಗ್ಗದ ಹಾದಿಯ ಪಕ್ಕದಲ್ಲೇ ಹೋಗುತ್ತಿತ್ತು. ಅಲ್ಲಿ ಹಗ್ಗದವನು ಸೊಂಟಕ್ಕೆ ನಾರು ಸುತ್ತಿಕೊಂಡು ನಿಂತಿದ್ದ.

"ಮಗಳೇ," ಎಂದ, "ಬೆಟ್ಟ ಹತ್ತೋದಕ್ಕೆ ಒಂದು ಹಗ್ಗ ಬೇಕಲ್ಲ. ಹೊಸೆದುಕೊಂಡು ಹೋಗು ಬಾ."

ಈ ಮಾತು ಅವಳಿಗೆ ಕೇಳಿಸಿತು. ಇದರಲ್ಲಿ ಕಷ್ಟವೇನೂ ಇರಲಿಲ್ಲ. ಬುಟ್ಟಿ ಕೆಳಗಿಟ್ಟು, ಹಲಗೆಯ ಮೇಲೆ ಹತ್ತಿ ರಾಟೆ ಹಿಡಿದಳು. ಮಿಕ್ಕ ಮಕ್ಕಳು ಸುತ್ತ ನಿಂತರು. ಅವನು ರಾಟೆಯ ಕೊಕ್ಕೆಗೆ ಎಳೆ ಸಿಕ್ಕಿಸಿದ. ರಾಟೆ ತಿರುಗಿತು. ಅವನು ಒಂದು ಹೆಜ್ಜೆ ಹಿಂದಕ್ಕೆ ಇಟ್ಟ. ಇನ್ನೊಂದು ಇಟ್ಟ. ಹತ್ತು ಹೆಜ್ಜೆಯವರೆಗೆ ಅವನಿಗೆ ಮಗಳ ಕಣ್ಣು ಕಾಣುತ್ತಿತ್ತು, ಹೇಳಲು ಬಾಯಿ ಬರಲಿಲ್ಲ. ಇಪ್ಪತ್ತು ಹೆಜ್ಜೆಗೆ ಕಣ್ಣು ಮಸುಕಾಯಿತು. ಮೂವತ್ತನೆಯ ಹೆಜ್ಜೆಗೆ ಅವಳ ಆಕಾರವಷ್ಟೇ ಉಳಿಯಿತು. ಹುರಿಯ ಉದ್ದಕ್ಕೂ ಅವಳ ಕೈಯ ತಿರುವು ಬಂದು ಅವನ ಬೆರಳಿಗೆ ತಾಕುತ್ತಿತ್ತು. ಅಷ್ಟು ದೂರದಲ್ಲಿ ಅವನ ಬಾಯಿ ತೆರೆಯಿತು. ಹೆಜ್ಜೆಗೆ ಒಂದು ಮಾತಿನಂತೆ, ಕುಂಟುತ್ತಾ, ರಾಗವಿಲ್ಲದೆ ಬಂತು:

ಸತ್ತಳು ಮಗಳೇ ಸತ್ತಳು
ಅವ್ವ ಜ್ವರದಲಿ ಸತ್ತಳು
ನಾನು ಹೊಸೆದ ಹಗ್ಗ ಹಾಕಿ
ಗುಂಡಿಯೊಳಗೆ ಇಳಿಸಿದೆ
ಹೂವಿಗೆ ಹೋಗಲಿಲ್ಲ ಮಗಳೇ
ಹೂವು ನಾನೇ ಹಾಕಿದೆ
ಬೆಟ್ಟ ಇಲ್ಲ ಬುಟ್ಟಿ ಇಲ್ಲ
ಸುಳ್ಳು ನಾನೇ ಬೇಡಿದೆ

ನಾಲ್ಕು ಸಾಲು ಇರಬೇಕಾದದ್ದು ಎಂಟಾಗಿತ್ತು. ಅವನಿಗೆ ಲೆಕ್ಕ ಬರುತ್ತಿರಲಿಲ್ಲವಲ್ಲ.

ರಾಟೆ ನಿಂತಿತು. ಹುರಿ ಒಂದು ಸಲ ಹಿಂದಕ್ಕೆ ಸುತ್ತಿಕೊಂಡು ಅವನ ಕೈಯಲ್ಲಿ ನಡುಗಿತು. ಮೂವತ್ತು ಮಕ್ಕಳೂ ಹಾಡು ನಿಲ್ಲಿಸಿದ್ದರು.

ಮಗಳು ಅಲ್ಲಿಂದಲೇ ಕೂಗಿದಳು. "ನೋವಾಯ್ತಾ ಅವ್ವನಿಗೆ?"

ಅವನು ಹುರಿಯನ್ನು ಬಿಡದೆ ಒಂದೊಂದೇ ಹೆಜ್ಜೆ ಮುಂದಕ್ಕೆ ಬಂದ. ಹುಟ್ಟಿದಾಗಿನಿಂದ ಆ ಹಾದಿಯಲ್ಲಿ ಅವನು ಹುರಿ ಹಿಡಿದು ಮುಂದಕ್ಕೆ ನಡೆದದ್ದು ಅದೇ ಮೊದಲು. "ಆಯ್ತು ಮಗಳೇ. ಮೊದಲ ದಿನ ಆಯ್ತು. ಎರಡನೇ ದಿನ ಬಹಳ ಆಯ್ತು. ಮೂರನೇ ದಿನ ಆಗಲಿಲ್ಲ."

"ನನ್ನನ್ನ ಕೇಳಿದಳಾ?"

"ಕೇಳಿದಳು. ಮಗು ಉಂಡಿತಾ ಅಂದಳು. ಉಂಡಿತು ಅಂದೆ."

ಅವನು ಅವಳ ಮುಂದೆ ಬಂದು ನಿಂತಿದ್ದ. ಅವಳು ಹಲಗೆಯ ಮೇಲಿದ್ದಳು, ಅವಳ ಮುಖ ಅವನ ಎದೆಯ ನೇರಕ್ಕಿತ್ತು.

"ಈಗ ಎಲ್ಲಿದ್ದಾಳೆ?"

"ದೇವರ ಹತ್ತಿರ ಅಂತಾರೆ," ಎಂದ ಹಗ್ಗದವನು. "ನಾನೂ ದಿನಾ ಹಾಗೇ ಅಂದುಕೊಂಡು ದೀಪ ಹಚ್ಚುತ್ತೀನಿ. ಆದರೆ ನಾನು ನೋಡಿಲ್ಲ ಮಗಳೇ. ನೋಡಿದ್ದೀನಿ ಅಂತ ಇನ್ನೊಂದು ಸುಳ್ಳು ಹೇಳೋದಿಲ್ಲ."

ಮಗಳು ಅತ್ತಳು. ಎರಡು ವರ್ಷದ ಅಳು. ಹಲಗೆಯ ಮೇಲಿಂದ ಅವನ ಮೇಲೆ ಬಿದ್ದು ಎರಡೂ ಕೈಯಿಂದ ಅವನ ಎದೆಗೆ ಗುದ್ದಿದಳು. ಅವನು ಗುದ್ದಿಸಿಕೊಂಡ.

ಆಗ ಕುಂಬಾರರ ಚಿಕ್ಕ ಹುಡುಗಿ ಬುಟ್ಟಿಯನ್ನು ತಲೆಗೆ ಕವುಚಿಕೊಂಡು ತನ್ನ ತಾಯಿಯ ಕಡೆ ತಿರುಗಿದಳು. "ಅವ್ವಾ, ನಮ್ಮ ಅಜ್ಜ?"

ಕುಂಬಾರಗಿತ್ತಿ ಸೆರಗು ಬಾಯಿಗೆ ಇಟ್ಟುಕೊಂಡಳು. ಸುತ್ತ ನೋಡಿದಳು. ಎಲ್ಲರೂ ಅವಳನ್ನೇ ನೋಡುತ್ತಿದ್ದರು.

"ಅಜ್ಜ... ಅಜ್ಜ ಕೂತಲ್ಲೇ ಕೂತಿದ್ದ... ಗಂಜಿ ತಣ್ಣಗಾಗಿತ್ತು... ಅಯ್ಯೋ, ಮುಂದೆ ಬರ್ತಿಲ್ಲ ಕಣ್ರೀ!"

"ತಿಗರಿ ತಿರುಗೋದು ನಿಂತಿತ್ತು ಅನ್ನು," ಎಂದ ಅವಳ ಗಂಡ.

"ನೀನು ಸುಮ್ಮನಿರು, ನಿಮ್ಮಪ್ಪನಿಗೆ ನಾನು ಪದ ಕಟ್ಟಬೇಕು, ನೀನು ತಿದ್ದಬೇಕು!"

ಯಾರೋ ನಕ್ಕರು. ನಕ್ಕವರೇ ಅತ್ತರು. ಆಮೇಲೆ ಮಕ್ಕಳೆಲ್ಲ ಕೇಳಿದರು. ನಮ್ಮ ಹಸು? ನಮ್ಮ ತಂಗಿ? ನಮ್ಮ ಹೊಲ? ಆ ಬೆಳಗ್ಗೆ ಊರಿಗೆ ಊರೇ ತೊದಲಿತು. ಒಬ್ಬನ ಪದಕ್ಕೆ ತಲೆಯಿದ್ದರೆ ಬಾಲವಿರಲಿಲ್ಲ. ಒಬ್ಬಳು ಎರಡೇ ಸಾಲು ಹೇಳಿ ಮಗುವನ್ನು ಎತ್ತಿಕೊಂಡುಬಿಟ್ಟಳು. ಇನ್ನೊಬ್ಬ, "ಹಸು ಸತ್ತಿತು, ಹಾಲು ನಿಂತಿತು, ಏನು ಮಾಡೋದು, ಏನು ಮಾಡೋದು," ಎಂದು ಅದನ್ನೇ ಹತ್ತು ಸಲ ಹೇಳಿದ. ಅವನ ಮಗ ಗಂಭೀರವಾಗಿ, "ಬೇರೆ ಹಸು ತರೋದು," ಎಂದ. ಪದದಜ್ಜಿ ಕೋಲೂರಿಕೊಂಡು ಬಂದು ಕಟ್ಟೆಯ ಮೇಲೆ ಕೂತು ಎಲ್ಲವನ್ನೂ ಕೇಳಿದಳು. ಅಷ್ಟು ಕೆಟ್ಟ ಪದಗಳನ್ನು ತನ್ನ ಜನ್ಮದಲ್ಲಿ ಕೇಳಿರಲಿಲ್ಲ ಎಂದಳು. ಹಾಗೆ ಹೇಳುವಾಗ ಕೈ ಮುಗಿದುಕೊಂಡಿದ್ದಳು.

ಐದನೆಯ ಬೆಟ್ಟಕ್ಕೆ ಯಾರೂ ಹೋಗಲಿಲ್ಲ. ಆ ರಾತ್ರಿ ಎಷ್ಟು ಮನೆಗಳಲ್ಲಿ ಮಕ್ಕಳ ಕಾಲಿಗೆ ಎಣ್ಣೆ ತಿಕ್ಕಿದರು, ಮುಂದಿನ ಹಬ್ಬಕ್ಕೆ ದರ್ಜಿಗೆ ಎಷ್ಟು ಲಂಗ ಹೊಲಿಯುವ ಕೆಲಸ ಬಿತ್ತು ಎಂಬುದನ್ನೆಲ್ಲ ಆ ಊರಿನವರು ಈಗಲೂ ಹೇಳಿಕೊಂಡು ನಗುತ್ತಾರೆ. ಅಲ್ಲಿ ಈಗ ಮಕ್ಕಳ ಪದಗಳನ್ನು ಆಯಾ ಮನೆಯವರೇ ಕಟ್ಟುತ್ತಾರೆ. ಪ್ರಾಸ ಸಿಗದಿದ್ದರೆ ಮಕ್ಕಳೇ ಸೇರಿಸಿಕೊಳ್ಳುತ್ತಾರೆ. ನಾನು ಹೇಳಬೇಕೆಂದಿರುವುದು ಅದೇ ದಿನ ಸಂಜೆಯ ಮಾತು.

ಹಗ್ಗದವನು ದೇವರ ಮುಂದೆ ದೀಪ ಹಚ್ಚಿ ಬಂದು ಜಗಲಿಯಲ್ಲಿ ಕೂತಿದ್ದ. ಮಗಳು ಅವನ ಎದುರಿಗೆ ಬಂದು ಕೂತಳು. ಅತ್ತು ಅತ್ತು ಅವಳ ಮುಖ ಊದಿಕೊಂಡಿತ್ತು.

"ಅಪ್ಪ, ನಿನಗೆ ಯಾರು ಹೇಳಿದರು?"

"ಏನನ್ನ?"

"ಅವ್ವ ಸತ್ತಿದ್ದನ್ನ."

"ನನಗೆ ಯಾರು ಹೇಳ್ತಾರೆ ಮಗಳೇ? ದೊಡ್ಡವರಿಗೆ ಹೇಳೋ ಪದ್ಧತಿ ಇಲ್ಲ. ನಾನೇ ಪಕ್ಕದಲ್ಲಿದ್ದೆನಲ್ಲ. ನೋಡಿದೆ."

"ನೋಡಿದ್ದು ಬೇರೆ," ಎಂದಳು ಮಗಳು. ಬಹಳ ಹೊತ್ತು ಯೋಚನೆ ಮಾಡಿದಳು. ಆಮೇಲೆ ಕಾಲು ಮಡಚಿ ನೆಟ್ಟಗೆ ಕೂತು ಹೇಳಿದಳು:

ಅಪ್ಪನ ಹೆಂಡತಿ ಸತ್ತಳು
ಅಪ್ಪ ಒ‌ಬ್ಬನೆ ಆದನು
ಅಳೋಕೆ ಅವನಿಗೆ ಹೊತ್ತೇ ಇಲ್ಲ
ಹಿಂದೆ ಹಿಂದೆ ಹೋದನು

ಹಗ್ಗದವನು ಗೋಡೆಗೆ ಒರಗಿದ.

"ಮೂರು ಕೇಳಬಹುದು," ಎಂದಳು ಮಗಳು.

ಅವನು ಬಾಯಿ ತೆರೆದಾಗ ಬಂದ ದನಿ ದೊಡ್ಡವರದ್ದಾಗಿರಲಿಲ್ಲ. "ಜ್ವರ ಬಂದ ದಿನವೇ ನಾನು ಮದ್ದಿನ ಪಂಡಿತರನ್ನು ಕರೆತರಲಿಲ್ಲ. ಮುಗಿಸೋ ಹಗ್ಗ ಇತ್ತು. ನಾಳೆ ಕರೆತಂದರಾಯ್ತು ಅಂದೆ. ಅವಳೂ ಹೂಂ ಅಂದಳು. ಅವತ್ತೇ ಕರೆತಂದಿದ್ದರೆ ಉಳೀತಿದ್ದಳಾ?"

ಮಗಳು ಸುಳ್ಳು ಹೇಳಲಿಲ್ಲ. "ಗೊತ್ತಿಲ್ಲಪ್ಪ," ಎಂದಳು.

ಅವನು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡು ಅತ್ತ. ಹೆಂಡತಿ ಸತ್ತ ಮೇಲೆ ಅವನು ಅತ್ತದ್ದು ಅದೇ ಮೊದಲು. ಮಗಳು ಅವನನ್ನು ಸಮಾಧಾನ ಮಾಡಲಿಲ್ಲ, ತಡೆಯಲೂ ಇಲ್ಲ. ಮುಗಿಯಲಿ ಎಂದು ಕಾದಳು.

ಮುಗಿದ ಮೇಲೆ ಅವನು ಎರಡನೆಯದನ್ನು ಕೇಳಿದ. "ನನ್ನ ಮೇಲೆ ನಿನಗೆ ಸಿಟ್ಟಿದೆಯಾ?"

"ಇದೆ," ಎಂದಳು ಮಗಳು. ಎದ್ದು ಬಂದು ಅವನ ಪಕ್ಕದಲ್ಲಿ ಕೂತು, ಅವನ ತೋಳಿಗೆ ತಲೆ ಆನಿಸಿದಳು. "ಇನ್ನೊಂದು ಇದೆ. ಕೇಳು."

ಹಗ್ಗದವನು ಕಣ್ಣು ಒರೆಸಿಕೊಂಡ. ಏನೋ ಕೇಳಲು ಹೋಗಿ ನಿಲ್ಲಿಸಿದ.

"ಇದೊಂದು ನಾಳೆ ಕೇಳಲಾ ಮಗಳೇ?"

"ಕೇಳಪ್ಪ," ಎಂದಳು ಅವಳು. "ನಾನೆಲ್ಲಿ ಹೋಗ್ತೀನಿ?"